ನಲವತ್ತಕ್ಕೆ ಮೂವತ್ತೊಂಬತ್ತು

ನಮ್ಮ ಶಾಲೆಯಲ್ಲಿ ನನ್ನ ಬಾಯಿಗೆ ಹೆದರದವರು ಯಾರೂ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು 'ಗಂಟೆ ಮೇಡಂ' ಎನ್ನುತ್ತಾರೆ. ಬಾರಿಸಲು ಶುರುವಾದರೆ ನಿಲ್ಲುವುದಿಲ್ಲವಂತೆ. ಪರೀಕ್ಷಾ ಕೊಠಡಿಯಲ್ಲಿ ನಕಲು ಹಿಡಿಯಲು ಇಪ್ಪತ್ತೆರಡು ವರ್ಷಗಳಿಂದ ನನ್ನನ್ನೇ ಹಾಕುತ್ತಾರೆ. ತೋಳಿನ ಮೇಲೆ ಬರೆದುಕೊಂಡವರು, ರಬ್ಬರಿಗೆ ಚೀಟಿ ಸುತ್ತಿಕೊಂಡವರು, ನೀರಿನ ಬಾಟಲಿಯ ಲೇಬಲ್ ಕಿತ್ತು ಅದರ ಒಳಮೈಗೆ ಬರೆದು ಮತ್ತೆ ಅಂಟಿಸಿ ತಂದ ಮಹಾಜಾಣರು, ಎಲ್ಲರನ್ನೂ ಎದ್ದು ನಿಲ್ಲಿಸಿದವಳು ನಾನು. ಈಗ ಹೇಳಹೊರಟಿರುವುದು ಅದೇ ನಾನು ತುಟಿ ಪಿಟಕ್ಕೆನ್ನದೆ ಕೂತ ಒಂದು ಬೆಳಗಿನ ವಿಚಾರ. ಒಟ್ಟು ನಾಲ್ಕು ನಿಮಿಷ ಇರಬಹುದು.

ಪರೀಕ್ಷೆಗಳು ಮುಗಿದು ಇನ್ನೇನು ರಜೆ ಎನ್ನುವಾಗ ಆಡಳಿತ ಮಂಡಳಿಯಿಂದ ಸುತ್ತೋಲೆ ಬಂತು. ಮಂಡಳಿಯ ಹನ್ನೊಂದು ಶಾಲೆಗಳ ಕಾಮರ್ಸ್ ಶಿಕ್ಷಕರೆಲ್ಲರಿಗೂ ತರಗತಿ ತಂತ್ರಜ್ಞಾನದಲ್ಲಿ ನಾಲ್ಕು ದಿನದ ತರಬೇತಿ. ಹೊಸ ಸ್ಮಾರ್ಟ್ ಬೋರ್ಡು, ಟ್ಯಾಬು, ಮಕ್ಕಳ ಉತ್ತರವನ್ನು ಅಲ್ಲಲ್ಲೇ ಎಣಿಸಿ ತೋರಿಸುವ ಕ್ವಿಜ್ಜು. ಮೂರನೆಯ ದಿನ ನಲವತ್ತು ಅಂಕದ ಪರೀಕ್ಷೆ, ಇಪ್ಪತ್ತೆಂಟು ಬಂದರೆ ಪಾಸು. ಪ್ರಮಾಣಪತ್ರ ಸಿಗದವರಿಗೆ ಮುಂದಿನ ವರ್ಷದಿಂದ ತರಗತಿ ಇಲ್ಲ. ಕಚೇರಿಯಲ್ಲಿ ಕೂತು ಫೈಲು ಜೋಡಿಸುವುದು. ಸ್ಟಾಫ್ ರೂಮಿನಲ್ಲಿ ಅದನ್ನು ಓದಿದ್ದು ನಾನೇ. ಓದಿ ಮುಗಿಸಿ, ನಮ್ಮನ್ನೆಲ್ಲ ಮತ್ತೆ ಒಂದನೇ ಕ್ಲಾಸಿಗೆ ಸೇರಿಸಿದ್ದಾರೆ, ಇನ್ನು ಸ್ಲೇಟು ಬಳಪ ಒಂದು ಕೊಟ್ಟರೆ ಮುಗಿಯಿತು ಎಂದೆ. ಎಲ್ಲರೂ ನಕ್ಕರು. ದೊಡ್ಡ ಸರ್ ನಗಲಿಲ್ಲ.

ದೊಡ್ಡ ಸರ್ ಎಂದರೆ ನಮ್ಮ ವಿಭಾಗದ ಹಿರಿಯರು. ಆಳು ಗಿಡ್ಡ, ನನ್ನ ಭುಜಕ್ಕೆ ಬರುತ್ತಾರೆ, ಆದರೂ ದೊಡ್ಡ ಸರ್. ಹನ್ನೊಂದನೇ ತರಗತಿಯಲ್ಲಿ ನನಗೆ ವ್ಯವಹಾರ ಅಧ್ಯಯನ ಕಲಿಸಿದವರು ಅವರೇ. ನಾನು ಇದೇ ಶಾಲೆಗೆ ಕೆಲಸಕ್ಕೆ ಸೇರಿದ ದಿನ ತಮ್ಮ ಬೀರುವಿನ ಅರ್ಧ ಖಾಲಿ ಮಾಡಿ, "ಇದು ನಿಂದು, ಬೀಗ ಮಾತ್ರ ಒಂದೇ" ಎಂದಿದ್ದರು. ಇಪ್ಪತ್ತೆರಡು ವರ್ಷ ಒಂದೇ ಬೀಗದಲ್ಲಿ ಇಬ್ಬರ ಪುಸ್ತಕ.

ಅವರ ಸೋಪಿನ ಪಾಠ ಕೇಳದೆ ನಮ್ಮ ಶಾಲೆಯಿಂದ ಯಾರೂ ಹೊರಗೆ ಹೋಗಿಲ್ಲ. ವರ್ಷದ ಮೊದಲ ದಿನ ಬಟ್ಟೆ ಚೀಲದಿಂದ ಒಂದು ಸೋಪು ತೆಗೆಯುತ್ತಾರೆ. ನೀಲಿ ಕಾಗದ ಸುತ್ತಿದ ಸಾಮಾನ್ಯ ಸೋಪು. ಹಿಂದಿನ ಬೆಂಚಿನವನ ಕೈಗೆ ಕೊಟ್ಟು "ನೀನು ಕಾರ್ಖಾನೆ" ಎನ್ನುತ್ತಾರೆ. ಅವನು ಮುಂದಿನವಳಿಗೆ ಕೊಡಬೇಕು, ಅವಳು ಸಗಟು ವ್ಯಾಪಾರಿ. ಆಮೇಲೆ ಲಾರಿ, ಗೋದಾಮು, ಅಂಗಡಿ. ಕೈ ಬದಲಾದಾಗಲೆಲ್ಲ, "ನೀನೇನು ಮಾಡಿದೆ ಈ ಸೋಪಿಗೆ? ಏನೂ ಮಾಡದೆ ಮುಂದಕ್ಕೆ ತಳ್ಳೋದಾದ್ರೆ ನೀನ್ಯಾಕೆ ಇರ್ಬೇಕು ಇಲ್ಲಿ?" ಎಂದು ಕೇಳುತ್ತಾರೆ. ಉತ್ತರ ಬರುವವರೆಗೆ ಸೋಪು ಮುಂದೆ ಹೋಗುವಂತಿಲ್ಲ. ನಾನು ಆ ವರ್ಷ ಗೋದಾಮಾಗಿದ್ದೆ. ನನ್ನ ಮಗಳು ಹೋದ ವರ್ಷ ಲಾರಿ ಆಗಿದ್ದಳು.

ಸುತ್ತೋಲೆ ಬಂದ ಸಂಜೆ ಬೀರು ಮುಚ್ಚುವಾಗ ಅವರು ಹೇಳಿದರು: "ಇನ್ನು ಮೂರು ವರ್ಷ ಅಷ್ಟೇ ಕಣಮ್ಮ. ಕ್ಲಾಸಿಂದ ನೇರ ಮನೆಗೆ ಹೋಗ್ಬೇಕು ಅಂತ ಆಸೆ. ಆಫೀಸಿಂದ ಹೋಗೋ ಹಾಗಾಗ್ಬಾರ್ದು."

"ಅಯ್ಯೋ ಬಿಡಿ ಸರ್, ಇದೇನು ದೊಡ್ಡ ಬ್ರಹ್ಮವಿದ್ಯೆನಾ?"

"ನಿನಗಲ್ಲ. ಮನೇಲಿ ಅವಳಿಗೆ ಕಿವಿ ಪೂರ್ತಿ ಹೋಗಿದೆ. ನನ್ನ ಮಾತೆಲ್ಲ ಈ ಮಕ್ಕಳ ಹತ್ರಾನೇ. ಅದೂ ಹೋದ್ರೆ ಏನ್ ಮಾಡ್ಲಿ, ಫೈಲ್ ಹತ್ರ ಮಾತಾಡ್ಲಾ?"

ನಾನಿದ್ದೀನಲ್ಲ, ನೋಡ್ಕೋತೀನಿ ಎಂದೆ. ಹಾಗೆನ್ನುವುದು ನನಗೆ ಅಭ್ಯಾಸ.

ತರಬೇತಿ ನಡೆದದ್ದು ನಮ್ಮ ಶಾಲೆಯ ಮೇಲಿನ ಹಾಲಿನಲ್ಲಿ. ಅರವತ್ತೆರಡು ಜನ ಮೇಷ್ಟ್ರುಗಳು ಮಕ್ಕಳ ಬೆಂಚಿನಲ್ಲಿ ಮೊಣಕಾಲು ತಗುಲಿಸಿಕೊಂಡು ಕೂತಿದ್ದೆವು. ಹೊಸ ಬೋರ್ಡಿನ ಅಂಚಿನಿಂದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಪೂರ್ತಿ ಸುಲಿದಿರಲಿಲ್ಲ. ಫ್ಯಾನ್ ಹಾಕಿದಾಗೆಲ್ಲ ಅದು ಪಟಪಟ ಎನ್ನುತ್ತಿತ್ತು. ತರಬೇತಿ ಕೊಡುವವಳು ನನ್ನ ತಂಗಿಯ ಮಗಳ ವಯಸ್ಸಿನವಳು. ಕೆನ್ನೆಯ ಪಕ್ಕ ಕಡ್ಡಿಯಂಥ ಮೈಕು, ಕಾಲಿಗೆ ಓಡುವ ಬೂಟು. ನಮ್ಮನ್ನೆಲ್ಲ 'ಫ್ರೆಂಡ್ಸ್' ಎಂದಳು. ನಾನು ಇವಳನ್ನು ಊಟದ ಹೊತ್ತಿಗೆ ಅಳಿಸಿಬಿಡುತ್ತೇನೆ ಅಂದುಕೊಂಡಿದ್ದೆ. ಆದರೆ ಹುಡುಗಿ ಒಳ್ಳೆಯವಳು. ಬೇರೆ ಶಾಲೆಯ ಮೇಷ್ಟ್ರೊಬ್ಬರು ಹಳೇ ಅಭ್ಯಾಸದಲ್ಲಿ ಜೇಬಿನ ಮಾರ್ಕರ್ ತೆಗೆದು ಸ್ಮಾರ್ಟ್ ಬೋರ್ಡಿನ ಮೇಲೇ 'ಬಂಡವಾಳ' ಎಂದು ದಪ್ಪಗೆ ಬರೆದಾಗಲೂ ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅರ್ಧ ಗಂಟೆ ಒರೆಸಿದಳು.

ದೊಡ್ಡ ಸರ್ ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಇಣುಕಿ ನೋಡಿದೆ. ಮೊದಲ ಸಾಲು: ಹಸಿರು ಗುಂಡಿ ಒತ್ತುವುದು. ಎರಡನೆಯದು: ಕಾಯುವುದು. ಮೂರನೆಯದು: ಇನ್ನೂ ಕಾಯುವುದು. ನನಗೆ ನಗು ತಡೆಯಲಾಗಲಿಲ್ಲ. "ನಗ್ಬೇಡ, ನಿಜ ತಾನೇ ಬರ್ದಿರೋದು" ಎಂದು ಅವರೂ ನಕ್ಕರು. ಆದರೆ ಟ್ಯಾಬ್ ಕೈಗೆ ಬಂದಾಗ ಅವರ ಬೆರಳು ನಡುಗುತ್ತಿತ್ತು. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗಿ ಪುಟವೇ ಎಲ್ಲಿಗೋ ಹಾರಿಹೋಗುತ್ತಿತ್ತು. ಪಾಸ್‌ವರ್ಡನ್ನು ಮೂರು ಸಲ ತಪ್ಪು ಹಾಕಿದ್ದಕ್ಕೆ ಯಂತ್ರ ಹದಿನೈದು ನಿಮಿಷ ಬಾಗಿಲು ಮುಚ್ಚಿಕೊಂಡಿತು. ಆ ಹದಿನೈದು ನಿಮಿಷ ಅವರು ಕೈಕಟ್ಟಿ ಕೂತರು, ನಾವು ಹೊರಗೆ ನಿಲ್ಲಿಸಿದ ಮಕ್ಕಳು ನಿಲ್ಲುವ ಹಾಗೆ.

ಒಂದು ಗುಟ್ಟು ಹೇಳಬೇಕು. ಮೇಷ್ಟ್ರುಗಳ ತರಬೇತಿಯಲ್ಲಿ ಒಂದು ಪದ್ಧತಿ ಇದೆ. ಕೊನೆಗೆ ಕೊಡುವ ಫಾರಂ, ಪ್ರಶ್ನಾವಳಿ, ಏನೇ ಇರಲಿ, ಒಂದು ಬೆಂಚಿಗೆ ಒಬ್ಬರು ತುಂಬುತ್ತಾರೆ, ಉಳಿದವರು ನೋಡಿ ಇಳಿಸುತ್ತಾರೆ. ಮನೆಗೆ ಬೇಗ ಹೋಗಬೇಕಲ್ಲ. ವರ್ಷವಿಡೀ ನಕಲು ಹಿಡಿಯುವ ನಾನೂ ಅದನ್ನು ಎಂದೂ ನಕಲು ಎಂದು ಅಂದುಕೊಂಡವಳಲ್ಲ. ಅದು ಸಹಕಾರ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ. ಮೂವತ್ತೈದು ನಿಮಿಷ. ದೊಡ್ಡ ಸರ್ ಮೊದಲ ಪ್ರಶ್ನೆ ಓದಿ, ಉತ್ತರದ ಮೇಲೆ ಬೆರಳಿಟ್ಟರೆ ಅದು ಪಕ್ಕದ್ದಕ್ಕೆ ಬಿತ್ತು. ತಿದ್ದಲು ಹೋದರೆ ಪುಟ ಮುಂದಕ್ಕೆ ಹೋಯಿತು. ನಾಲ್ಕು ನಿಮಿಷ ಇದೇ ಆಯಿತು. ನನಗೆ ನೋಡಲಾಗಲಿಲ್ಲ. ಅವರು ಕೇಳಲಿಲ್ಲ; ಇದನ್ನು ಬರೆದಿಡುತ್ತೇನೆ, ಅವರು ಕೇಳಲಿಲ್ಲ. ನಾನೇ ಡೆಸ್ಕಿನ ಕೆಳಗಿನಿಂದ ಅವರ ಟ್ಯಾಬ್ ಎಳೆದುಕೊಂಡೆ.

"ಬೇಡಮ್ಮ. ಬಂದಷ್ಟು ಬರ್ಲಿ."

"ಸುಮ್ನೆ ಕೂತ್ಕೊಳ್ಳಿ ಸರ್ ನೀವು."

ಮೊದಲು ಅವರದ್ದು ಮಾಡೋಣ, ಆಮೇಲೆ ನನ್ನದು ಎಂದುಕೊಂಡೆ. ಇಪ್ಪತ್ತೆಂಟೋ ಮೂವತ್ತೋ ಬಂದರೆ ಸಾಕಿತ್ತು. ಅಲ್ಲಲ್ಲಿ ಒಂದೊಂದು ತಪ್ಪು ಒತ್ತಬೇಕು ಎಂದು ಗೊತ್ತಿತ್ತು. ಆಗಲಿಲ್ಲ. ನಗಬೇಡಿ. ಇಪ್ಪತ್ತೆರಡು ವರ್ಷ ಕೆಂಪು ಶಾಯಿ ಹಿಡಿದ ಕೈ. ಸರಿಯುತ್ತರ ಕಣ್ಣೆದುರು ಇರುವಾಗ ಬೇಕೆಂದೇ ತಪ್ಪಿನ ಮೇಲೆ ಬೆರಳಿಡಲು ಹೋದರೆ ಬೆರಳೇ ಮುಂದೆ ಹೋಗುವುದಿಲ್ಲ. ಮುಂದಿನದ್ದು ತಪ್ಪು ಮಾಡೋಣ, ಅದರ ಮುಂದಿನದ್ದು ಮಾಡೋಣ ಅಂದುಕೊಳ್ಳುತ್ತಲೇ ಹೋದೆ.

ಇಪ್ಪತ್ತೇಳನೆಯ ಪ್ರಶ್ನೆ ಹೀಗಿತ್ತು: ಪಾಠದ ಕೊನೆಗೆ ವಿದ್ಯಾರ್ಥಿಗಳಿಗೆ ಅರ್ಥವಾಗಿದೆಯೇ ಎಂದು ತಿಳಿಯಲು ಅತ್ಯುತ್ತಮ ವಿಧಾನ ಯಾವುದು? ಒಂದು, ಟ್ಯಾಬ್ ಮೂಲಕ ಕ್ವಿಜ್. ಎರಡು, ಮನೆಗೆಲಸ. ಮೂರು, ಹಾಜರಾತಿ ವರದಿ. ನಾಲ್ಕು, ಅವರ ಮುಖ ನೋಡುವುದು. ದೊಡ್ಡ ಸರ್ ನನ್ನ ಭುಜದ ಪಕ್ಕದಿಂದ ಓದುತ್ತಿದ್ದವರು, "ಇದು ನಂಗೊತ್ತು" ಎಂದು ಕೈ ಚಾಚಿ ನಾಲ್ಕನ್ನು ಒತ್ತಿಬಿಟ್ಟರು. ಆ ಸಲ ಬೆರಳು ನಡುಗಲಿಲ್ಲ. ತಿದ್ದುವಷ್ಟು ಹೊತ್ತು ಇರಲಿಲ್ಲ, ಬಿಟ್ಟೆ.

ಅವರದ್ದು ಮುಗಿದಾಗ ಒಂಬತ್ತು ನಿಮಿಷ ಉಳಿದಿತ್ತು. ನನ್ನದನ್ನು ಬಡಬಡನೆ ಒತ್ತುತ್ತ ಬಂದೆ. ಮೂವತ್ತಾರರವರೆಗೆ ಆಯಿತು, ಸಮಯ ಮುಗಿಯಿತು. ಕೊನೆಯ ನಾಲ್ಕು ಖಾಲಿ.

ಈ ಯಂತ್ರಕ್ಕೆ ಮೇಷ್ಟ್ರುಗಳ ಹಾಗೆ ಉತ್ತರಪತ್ರಿಕೆಯನ್ನು ಮನೆಗೆ ಒಯ್ದು ವಾರಗಟ್ಟಲೆ ಇಟ್ಟುಕೊಳ್ಳುವ ಅಭ್ಯಾಸ ಇಲ್ಲ. ಒಂದು ನಿಮಿಷದಲ್ಲಿ ಬೋರ್ಡಿನ ತುಂಬ ಪಟ್ಟಿ ಬಂತು. ಎಲ್ಲಕ್ಕಿಂತ ಮೇಲೆ ದೊಡ್ಡ ಸರ್ ಹೆಸರು, ನಲವತ್ತಕ್ಕೆ ಮೂವತ್ತೊಂಬತ್ತು, ಪಕ್ಕದಲ್ಲಿ ಕುಣಿಯುವ ಒಂದು ಚಿನ್ನದ ಕಪ್ಪು. ಎರಡನೆಯದು ನಾನು, ಮೂವತ್ತಾರು. ಹಾಲಿನಲ್ಲಿ ಚಪ್ಪಾಳೆ. ಪಕ್ಕದ ಶಾಲೆಯವರೊಬ್ಬರು ಅವರ ಬೆನ್ನು ತಟ್ಟಿ, "ಸರ್, ನಮಗೆಲ್ಲ ಚಳ್ಳೆಹಣ್ಣು ತಿನ್ನಿಸಿಬಿಟ್ರಲ್ಲ!" ಎಂದರು. ದೊಡ್ಡ ಸರ್ ನನ್ನ ಕಡೆ ತಿರುಗಲಿಲ್ಲ. ಕಿವಿಯ ಹಿಂದೆ ಬೆವರು ಇಳಿಯುತ್ತಿದ್ದುದು ನನಗೆ ಕಾಣುತ್ತಿತ್ತು.

ತರಬೇತಿಯ ಹುಡುಗಿ ಖುಷಿಯಲ್ಲಿ ಕುಣಿದಾಡುವಂತಿದ್ದಳು. "ನಾಳೆ ಮಂಡಳಿ ಕಾರ್ಯದರ್ಶಿಗಳು ಬರ್ತಾರೆ. ಮಾದರಿ ಪಾಠ ನೀವೇ ಮಾಡ್ಬೇಕು ಸರ್! ಮಾಸ್ಟರ್ ಟ್ರೇನರ್ ಆಗಿ ನಿಮ್ಮ ಹೆಸರೇ ಕಳಿಸ್ತೀನಿ. ಈ ವಯಸ್ಸಲ್ಲಿ ಇಷ್ಟು ಕಲಿತ್ರಿ ಅಂದ್ರೆ ಬೇರೆಯವ್ರಿಗೆಲ್ಲ ಧೈರ್ಯ ಬರತ್ತೆ."

ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಅದು ನೆನಪಿದೆ. ಆಮೇಲೆ ಏನೂ ಅನಿಸಿದ್ದು ನೆನಪಿಲ್ಲ.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನಾವಿಬ್ಬರೇ ಹಾಲಿನಲ್ಲಿ ಕೂತು ಅಭ್ಯಾಸ ಮಾಡಿದೆವು. ಸೋಪಿನ ಪಾಠವನ್ನೇ ಬೋರ್ಡಿಗೆ ಹಾಕೋಣ ಎಂದೆ. ಕಾರ್ಖಾನೆ, ಲಾರಿ, ಗೋದಾಮು, ಅಂಗಡಿ, ಒಂದೊಂದಕ್ಕೆ ಒಂದೊಂದು ಚಿತ್ರ; ಸೋಪಿನ ಚಿತ್ರವನ್ನು ಬೆರಳಲ್ಲಿ ಎಳೆದುಕೊಂಡು ಹೋಗುವುದು. ಹನ್ನೆರಡು ಹೆಜ್ಜೆ. ಅವರು ಎಲ್ಲವನ್ನೂ ಬರೆದುಕೊಂಡರು. ಆರನೇ ಸಲಕ್ಕೆ ತಪ್ಪಿಲ್ಲದೆ ಬಂತು.

"ನೋಡಿದ್ರಾ ಸರ್! ನಾನು ಹೇಳ್ಲಿಲ್ವಾ?"

"ಹ್ಞೂಂ. ಬಂತು." ಬೋರ್ಡಿನ ಸೋಪನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಇದು ಯಾರ ಕೈಗೂ ಹೋಗಲ್ಲ ಅಲ್ವಾ ಆದ್ರೆ?"

"ಸರ್, ಈಗ ತಲೆ ತಿನ್ಬೇಡಿ."

"ಇಲ್ಲಮ್ಮ, ಸುಮ್ನೆ ಕೇಳ್ದೆ."

ಮರುದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಹೆಂಡತಿ ಬೆಳಿಗ್ಗೆ ಕೆನ್ನೆ ತಟ್ಟಿ ಕಳಿಸಿದಳು ಎಂದರು. ಬಟ್ಟೆ ಚೀಲವೂ ಬಂದಿತ್ತು. ಕಾರ್ಯದರ್ಶಿಗಳು ಮೊದಲ ಸಾಲಿನಲ್ಲಿ, ಮಕ್ಕಳ ಬೆಂಚಿನಲ್ಲಲ್ಲ, ಕುಶನ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು. ನಾನು ಎರಡನೆಯ ಸಾಲಿನ ಅಂಚಿನಲ್ಲಿದ್ದೆ.

ದೊಡ್ಡ ಸರ್ ಬೋರ್ಡಿನ ಮುಂದೆ ನಿಂತು ನೋಟ್‌ಪುಸ್ತಕ ತೆರೆದರು. ಬೋರ್ಡ್ ನೋಡಿದರು. ಪುಸ್ತಕ ನೋಡಿದರು. ಮತ್ತೆ ಬೋರ್ಡ್ ನೋಡಿದರು.

"ಹಸಿರು ಗುಂಡಿ ಎಲ್ಲಿ ಹೋಯ್ತಮ್ಮ?"

"ಬೆಳಿಗ್ಗೆ ಅಪ್‌ಡೇಟ್ ಆಗಿದೆ ಸರ್" ಎಂದಳು ಹುಡುಗಿ. "ಈಗ ಮೂಲೇಲಿ ಮೂರು ಚುಕ್ಕಿ ಇದೆ ನೋಡಿ, ಅದರೊಳಗೆ."

ಮೂರು ಚುಕ್ಕಿಯ ಮೇಲೆ ಅವರು ಬೆರಳಿಟ್ಟರು. ಉದ್ದನೆಯ ಪಟ್ಟಿಯೊಂದು ಬಿಚ್ಚಿಕೊಂಡಿತು. ಯಾವುದೋ ಒತ್ತಿದರು. ಬೋರ್ಡ್ ಪೂರ್ತಿ ಬೆಳ್ಳಗಾಯಿತು. ಇನ್ನೊಂದು ಒತ್ತಿದರು. ನಿನ್ನೆಯ ಅಂಕಪಟ್ಟಿ ಬಂದು ನಿಂತಿತು, ಅವರ ಹೆಸರು, ಮೂವತ್ತೊಂಬತ್ತು, ಕುಣಿಯುವ ಕಪ್ಪು. ಅದು ಏನು ಮಾಡಿದರೂ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೋರ್ಡಿನ ಅಂಚಿನ ಪ್ಲಾಸ್ಟಿಕ್ ಪಟಪಟ ಎನ್ನುತ್ತಿತ್ತು.

ಅವರು ಚೀಲಕ್ಕೆ ಕೈ ಹಾಕಿ ಸೋಪು ತೆಗೆದರು. "ಇದ್ರಿಂದ ಮಾಡ್ಲಾ? ಪಾಠ ಅದೇ."

"ಸೋಪು ಒಳಗಿಡಿ ಮೇಷ್ಟ್ರೇ" ಎಂದರು ಕಾರ್ಯದರ್ಶಿಗಳು. ದನಿ ಏರಿಸಲಿಲ್ಲ. "ಮೂವತ್ತೊಂಬತ್ತು ತಗೊಂಡೋರು ನೀವೇ ಅಲ್ವಾ?"

"ಹೌದು."

"ಮೂವತ್ತೊಂಬತ್ತು ತಗೊಂಡೋರಿಗೆ ಬೋರ್ಡ್ ಆನ್ ಮಾಡೋಕೆ ಬರಲ್ಲ. ಆ ಪರೀಕ್ಷೆ ಬರ್ದಿದ್ದು ಯಾರು?"

ಇಲ್ಲಿಂದ ಆ ನಾಲ್ಕು ನಿಮಿಷ.

ನಾನು ಏಳಬೇಕಿತ್ತು. ನಾನೇ ಬರೆದದ್ದು, ಅವರು ಬೇಡ ಅಂದರೂ ಕಸಿದುಕೊಂಡು ಬರೆದೆ ಎನ್ನಬೇಕಿತ್ತು. ಎರಡು ಸಾಲು. ಬೀದಿ ಜಗಳದಲ್ಲಿ, ಬಸ್ಸಿನಲ್ಲಿ, ಸ್ಟಾಫ್ ಮೀಟಿಂಗಿನಲ್ಲಿ, ಯಾರೂ ಕೇಳದಿದ್ದಾಗಲೂ ಗಂಟೆಗಟ್ಟಲೆ ಆಡುವ ನಾಲಿಗೆ ನನ್ನದು. ಅವತ್ತು ಅದು ಬಾಯಿಯಲ್ಲಿ ಯಾರದ್ದೋ ವಸ್ತುವಿನ ಹಾಗೆ ಬಿದ್ದುಕೊಂಡಿತ್ತು. ಹೆದರಿಕೆಯಾಯಿತು ಎಂದರೆ ಅದೂ ಪೂರ್ತಿ ನಿಜವಲ್ಲ. ಕೆಲಸ ಹೋಗುತ್ತದೆ, ನಕಲು ಹಿಡಿಯುವ ಗಂಟೆ ಮೇಡಂ ನಕಲು ಮಾಡಿಸಿದಳಂತೆ ಎಂದು ಹನ್ನೊಂದು ಶಾಲೆಯಲ್ಲಿ ಹಬ್ಬುತ್ತದೆ ಎಂಬುದೆಲ್ಲ ತಲೆಯಲ್ಲಿ ಬಂತು, ಆದರೆ ದೂರದಲ್ಲಿ ಯಾರೋ ಓದಿ ಹೇಳುತ್ತಿರುವಂತೆ. ಡೆಸ್ಕಿನ ಮೇಲೆ ಯಾವನೋ ಹುಡುಗ ಕೈವಾರದಲ್ಲಿ ಕೆತ್ತಿದ್ದ ಒಂದು ಮೀನನ್ನು ನೋಡುತ್ತಿದ್ದೆ.

ತಲೆ ಎತ್ತಿದಾಗ ದೊಡ್ಡ ಸರ್ ನನ್ನ ಮುಖ ನೋಡುತ್ತಿದ್ದರು. ಬಯ್ಯುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಪಾಠ ಮುಗಿಸಿ ಒಂದೊಂದು ಬೆಂಚಿನ ಮೇಲೆ ಕಣ್ಣು ಹಾಯಿಸುತ್ತಾರಲ್ಲ, ಹಾಗೆ. ಎಷ್ಟು ಹೊತ್ತು ನೋಡಿದರೋ. ಆಮೇಲೆ ಕಾರ್ಯದರ್ಶಿಗಳ ಕಡೆ ತಿರುಗಿದರು.

"ನಾನೇ ಬರ್ದೆ ಸರ್. ನೋಡಿ ಬರ್ದೆ. ಪಕ್ಕದಲ್ಲಿ ಮೇಡಂ ಕೂತಿದ್ರು, ಅವ್ರದ್ದು ಇಣುಕಿ ನೋಡಿ ಇಳಿಸಿದೆ. ಅವ್ರಿಗೆ ಗೊತ್ತಿಲ್ಲ."

ಬೋರ್ಡಿನ ಮೇಲೆ ಪಟ್ಟಿ ಹಾಗೇ ಇತ್ತು. ಅವರದ್ದು ಮೂವತ್ತೊಂಬತ್ತು, ನನ್ನದು ಮೂವತ್ತಾರು. ಮೂವತ್ತಾರು ಬಂದವಳನ್ನು ನೋಡಿ ಬರೆದವರಿಗೆ ಮೂವತ್ತೊಂಬತ್ತು ಬರುವುದು ಹೇಗೆ? ಆ ಹಾಲಿನಲ್ಲಿ ಕೂತಿದ್ದವರು ಅರವತ್ತೆರಡು ಜನ ಕಾಮರ್ಸ್ ಮೇಷ್ಟ್ರುಗಳು. ಎಡಕ್ಕೂ ಬಲಕ್ಕೂ ಮೊತ್ತ ತಾಳೆಯಾಗದಿದ್ದರೆ ಊಟ ಸೇರದ ಜನ. ಒಬ್ಬೊಬ್ಬರೂ ಬೋರ್ಡ್ ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮ ತಮ್ಮ ಟ್ಯಾಬ್ ನೋಡಿಕೊಂಡರು. ಅವರಲ್ಲಿ ಅರ್ಧ ಜನ ಪಕ್ಕದವರದ್ದನ್ನು ನೋಡಿಯೇ ಬರೆದವರು. ಯಾರೂ ಬಾಯಿ ಬಿಡಲಿಲ್ಲ. ಕಾರ್ಯದರ್ಶಿಗಳಿಗೆ ಲೆಕ್ಕ ಬರುವುದಿಲ್ಲ.

"ಈ ವಯಸ್ಸಲ್ಲಿ" ಎಂದರು ಅವರು. ಅಷ್ಟೇ ಅಂದರು.

ದೊಡ್ಡ ಸರ್ ಸೋಪನ್ನು ಚೀಲಕ್ಕೆ ಹಾಕಿ, ನೋಟ್‌ಪುಸ್ತಕ ಮಡಚಿ, ಬೆಂಚುಗಳ ನಡುವೆ ನಡೆದು ಹೊರಗೆ ಹೋದರು. ಬಾಗಿಲ ಹತ್ತಿರ ಅಭ್ಯಾಸಬಲದಿಂದ ಫ್ಯಾನಿನ ಸ್ವಿಚ್ ಆರಿಸಿದರು. ಕ್ಲಾಸು ಮುಗಿದ ಮೇಲೆ ಯಾವಾಗಲೂ ಆರಿಸುತ್ತಿದ್ದರು. ಯಾರೋ ಎದ್ದು ಮತ್ತೆ ಹಾಕಿದರು.

ಮಧ್ಯಾಹ್ನ ಟೀ ಹೊತ್ತಿನಲ್ಲಿ ಹುಡುಗಿ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು. ಮೈಕು ತೆಗೆದಿದ್ದಳು. ಕೆನ್ನೆಯ ಮೇಲೆ ಅದರ ಗೆರೆ ಉಳಿದಿತ್ತು.

"ನಿಮ್ಮ ಕೊನೇ ನಾಲ್ಕು ಖಾಲಿ ಇದೆ ಮೇಡಂ. ಅವ್ರದ್ದು ನಾಲ್ಕೂ ಸರಿ ಇದೆ. ನನ್ನ ಟ್ಯಾಬಲ್ಲಿ ಎಲ್ಲ ಕಾಣತ್ತೆ."

ನಾನು ಟೀ ಲೋಟವನ್ನು ಮೆಟ್ಟಿಲ ಮೇಲಿಟ್ಟೆ.

"ನಾನು ಯಾರಿಗೂ ಹೇಳಲ್ಲ. ನೀವೇ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ ಅಷ್ಟೇ." ಮತ್ತೆ ಅಂದಳು, "ಅವ್ರು ಫೇಲ್ ಆಗಿದ್ರೂ ಏನಾಗ್ತಿರ್ಲಿಲ್ಲ ಮೇಡಂ. ಫೇಲ್ ಆದೋರಿಗೆ ತಿಂಗಳು ಬಿಟ್ಟು ಇನ್ನೊಂದು ಪರೀಕ್ಷೆ ಇತ್ತು. ನಾನೇ ಕೂತು ಹೇಳ್ಕೊಡ್ತಿದ್ದೆ. ನಕಲು ಮಾಡಿದೋರಿಗೆ ಮಾತ್ರ ಇಲ್ಲ. ಸುತ್ತೋಲೆ ಹಿಂದಿನ ಪುಟದಲ್ಲೇ ಇದೆ."

ಸ್ಟಾಫ್ ರೂಮಿಗೆ ಹೋಗಿ ಸುತ್ತೋಲೆ ತಿರುಗಿಸಿ ನೋಡಿದೆ. ಇತ್ತು. ಪರೀಕ್ಷೆಯ ದಿನ ಪ್ರತಿ ಕೊಠಡಿಯಲ್ಲಿ "ಹಾಳೆ ತಿರುಗಿಸಿ ನೋಡ್ರೋ, ಹಿಂದೂ ಪ್ರಶ್ನೆ ಇರತ್ತೆ" ಎಂದು ಕಿರುಚುವವಳು ನಾನು.

ಮನೆಗೆ ಬಂದು ಚಪ್ಪಲಿ ಬಿಚ್ಚಿ ಸುಮ್ಮನೆ ಕೂತೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ಎರಡು ಸಲ ನೋಡಿದರು. "ಏನೇ, ನಾಲಿಗೇನ ಸ್ಕೂಲಲ್ಲೇ ಮರ್ತು ಬಂದ್ಯಾ? ಮನೆ ಬಿಕೋ ಅಂತಿದೆ" ಎಂದರು. ಬೇರೆ ದಿನವಾಗಿದ್ದರೆ ಒಂದಕ್ಕೆ ನಾಲ್ಕು ಕೊಡುತ್ತಿದ್ದೆ. ತಲೆನೋವು ಎಂದೆ. ಅತ್ತೆ ಎದ್ದು ಬಂದು ಹಣೆ ಮುಟ್ಟಿ ನೋಡಿ, ಬಿಸಿ ಇಲ್ಲವಲ್ಲ ಎಂದು ಮತ್ತೆ ಸೊಪ್ಪಿನ ಹತ್ತಿರ ಹೋದರು.

ವಾರದ ಮೇಲೆ ಪತ್ರ ಬಂತು. ಪಟ್ಟಿಯ ಮೊದಲ ಹೆಸರು ಹೊಡೆದುಹಾಕಿದ್ದರಿಂದ ಎರಡನೆಯವಳಾದ ನಾನು ಮಾಸ್ಟರ್ ಟ್ರೇನರ್. ಗಂಡ ಪತ್ರವನ್ನು ಎರಡು ಸಲ ಓದಿ, ಬಡ್ತಿ ಇದ್ದ ಹಾಗೆ ಅಲ್ಲವೇನೇ ಎಂದು ಸಂಭ್ರಮಪಟ್ಟರು. ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಒಪ್ಪಿಕೊಂಡೆ. ಮಗಳು ಮಾತ್ರ, "ದೊಡ್ಡ ಸರ್‌ಗಿಂತ ನಿಂಗೆ ಜಾಸ್ತಿ ಬರತ್ತಾಮ್ಮ?" ಎಂದು ಕೇಳಿದಳು. ಓದಿಕೋ ಹೋಗು ಎಂದೆ.

ಶಾಲೆ ಶುರುವಾಯಿತು. ದೊಡ್ಡ ಸರ್ ಈಗ ಕಚೇರಿಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ, ಹಾಳೆಗಳಿಗೆ ತೂತು ಹೊಡೆದು ಫೈಲಿಗೆ ಪೋಣಿಸುತ್ತಾರೆ. ತರಗತಿಗೆ ಹೋಗಬೇಕೆಂದರೆ ಆ ಕಿಟಕಿ ದಾಟಿಯೇ ಹೋಗಬೇಕು. ಪ್ರತಿ ಸಲ ತಲೆ ಎತ್ತಿ "ಪೀರಿಯಡ್ ಇದ್ಯೇನಮ್ಮ?" ಎನ್ನುತ್ತಾರೆ. ಹ್ಞೂಂ ಸರ್ ಎನ್ನುತ್ತೇನೆ. ಬೀರುವಿನ ಅವರ ಅರ್ಧ ಖಾಲಿಯಾಗಿದೆ. ಕಚೇರಿಯ ಹೊರಗಿನ ನಲ್ಲಿಯ ಹತ್ತಿರ ಹೊಸ ಸೋಪು ಇಟ್ಟಿದ್ದರು ಒಂದು ದಿನ. ನೀಲಿ ಕಾಗದ ಕೆಳಗಿನ ಬುಟ್ಟಿಯಲ್ಲಿ ಬಿದ್ದಿತ್ತು.

ಅವತ್ತು ನಿಂತೆ. "ಸರ್, ಆವತ್ತು ನಾನು..."

ತೂತು ಹೊಡೆಯುವುದು ನಿಲ್ಲಿಸದೆ ಅವರು ಹೇಳಿದರು: "ಹನ್ನೊಂದನೇ ಕ್ಲಾಸಲ್ಲಿ ನೀನು ಉತ್ತರ ಗೊತ್ತಿದ್ರೆ ನಾನು ಪ್ರಶ್ನೆ ಮುಗಿಸೋಕೂ ಬಿಡ್ತಿರ್ಲಿಲ್ಲ, ಕೈ ಎತ್ತಿ ಕುಣೀತಿದ್ದೆ. ಗೊತ್ತಿದ್ದೂ ಕೈ ಎತ್ತದೆ ಕೂತಿದ್ದು ನೋಡಿದ್ದು ಅವತ್ತೇ ಮೊದಲು. ಪಾಪ, ಕಷ್ಟ ಆಗಿದೆ ಮಗೂಗೆ ಅನ್ನಿಸ್ತು. ಅದಕ್ಕೆ ನಾನೇ ಹೇಳ್ಬಿಟ್ಟೆ." ಹಾಳೆಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿದರು. "ಬೆಲ್ ಆಯ್ತು ನೋಡು. ಮಕ್ಕಳು ಕಾಯ್ತಿರ್ತಾರೆ."

ಅವರು ಬೈದಿದ್ದರೆ ಅತ್ತುಬಿಡುತ್ತಿದ್ದೆನೇನೋ. ಬೈಯಲಿಲ್ಲ. ನಾನು ಕ್ಲಾಸಿಗೆ ಹೋದೆ.

ಈಗ ತಿಂಗಳಿಗೆ ಎರಡು ಶಾಲೆಗೆ ಹೋಗಿ ತರಬೇತಿ ಕೊಡುತ್ತೇನೆ. ಕೆನ್ನೆಯ ಪಕ್ಕ ಮೈಕು ಸಿಕ್ಕಿಸಿಕೊಂಡು ಹಸಿರು ಗುಂಡಿ, ಮೂರು ಚುಕ್ಕಿ ಎಲ್ಲ ತೋರಿಸುತ್ತೇನೆ. ಅದೇ ನಲವತ್ತು ಪ್ರಶ್ನೆ. ಇಪ್ಪತ್ತೇಳನೆಯದಕ್ಕೆ ಪ್ರತಿ ಶಾಲೆಯಲ್ಲೂ ಯಾರಾದರೊಬ್ಬರು, ಸಾಮಾನ್ಯವಾಗಿ ವಯಸ್ಸಾದವರು, ನಾಲ್ಕನ್ನೇ ಒತ್ತುತ್ತಾರೆ. ಬೋರ್ಡಿನ ಮೇಲೆ ಕೆಂಪು ಗುರುತು ಬರುತ್ತದೆ. "ಯಾಕೆ ಮೇಡಂ, ಮುಖ ನೋಡಿದ್ರೆ ಗೊತ್ತಾಗಲ್ವಾ?" ಎಂದು ಕೇಳುತ್ತಾರೆ. ಗೊತ್ತಾಗುವುದಿಲ್ಲ, ಅದು ತಪ್ಪು ಉತ್ತರ, ಮುಂದಿನ ಪ್ರಶ್ನೆಗೆ ಹೋಗೋಣ ಎನ್ನುತ್ತೇನೆ. ಹೇಳುವಾಗ ಬೋರ್ಡಿನ ಕಡೆಗೇ ತಿರುಗಿಕೊಂಡಿರುತ್ತೇನೆ.